ಒಂದೂವರೆ ಅಡಿಯ ಹೆಬ್ಬಾಗಿಲು

ಬೆಸಗರಹಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನ ಮುತ್ತಾತ ಕಟ್ಟಿಸಿದ ಕಲ್ಲುಮನೆ ಇದೆ. ಮೊಳದಪ್ಪದ ಕಲ್ಲುಗೋಡೆ, ತೊಟ್ಟಿಯ ಸುತ್ತ ಒಂದೇ ಎತ್ತರದ ಕಂಬಗಳು, ಮೂರೂವರೆ ಅಡಿ ಅಗಲದ ಕಲ್ಲು ಚೌಕಟ್ಟಿನ ಹೆಬ್ಬಾಗಿಲು. ಕಟ್ಟಿದವರಿಗೆ ಬುದ್ಧಿ ಇತ್ತು. ಹಂಚಿಕೊಂಡವರ ವಿಷಯ ಹೇಳುತ್ತೇನೆ.

ಹಂಚಿಕೊಂಡವರು ನಮ್ಮಪ್ಪ ಮತ್ತು ಚಿಕ್ಕಪ್ಪ. ಹೊಲ, ಗದ್ದೆ, ಹಸು ಎಲ್ಲ ಒಂದೇ ಬೆಳಿಗ್ಗೆ ಹಂಚಿಹೋದವು. ಹೆಬ್ಬಾಗಿಲು ಮಾತ್ರ ಇಬ್ಬರಿಗೂ ಬೇಕು. ಪಕ್ಕದ ಗೋಡೆಯಲ್ಲಿ ಹೊಸ ಬಾಗಿಲು ಇಡಿಸಿಕೊಂಡವನು ಊರವರ ಕಣ್ಣಲ್ಲಿ ಮನೆ ಬಿಟ್ಟು ಹೋದವನಂತೆ!

"ಅಪ್ಪನ ಎಣ ಓಗಿರೋ ಬಾಗ್ಲು ಕಣಣ್ಣ, ನಾ ಬುಡಾಕಿಲ್ಲ" ಎಂದ ಚಿಕ್ಕಪ್ಪ.

"ನಂಗೇನು ಅಪ್ಪ ಅಲ್ವೇನ್ಲಾ?" ಎಂದ ನಮ್ಮಪ್ಪ.

ಕೊನೆಗೆ ಹಗ್ಗ ಹಿಡಿದು ಅಳೆದು, ಹಿತ್ತಲ ಕಡೆಯ ಗೋಡೆಯಿಂದ ತೊಟ್ಟಿಯ ನಡುವೆ ಹಾದು ಹೊಸಿಲಿನ ತನಕ ಇಟ್ಟಿಗೆ ಗೋಡೆ ಎಬ್ಬಿಸಿದರು. ಬಾಗಿಲ ನಟ್ಟನಡುವೆ ಅರ್ಧ ಅಡಿ ಗೋಡೆ, ಆಚೆಗೊಂದು ಕದ, ಈಚೆಗೊಂದು ಕದ, ತಲಾ ಒಂದೂವರೆ ಅಡಿ. ಹಿತ್ತಲ ಬಾಗಿಲು ಚಿಕ್ಕಪ್ಪನ ಪಾಲಿಗೆ, ಅದರ ಬದಲಿಗೆ ಅಟ್ಟ ನಮ್ಮ ಪಾಲಿಗೆ. ಭಲೇ ನ್ಯಾಯ!

ಅಂದಿನಿಂದ ನಮ್ಮವ್ವ ಬಿಂದಿಗೆ ಹೊತ್ತು ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋಗುತ್ತಿದ್ದಳು. ನನ್ನ ಮದುವೆಯಲ್ಲಿ ಗಂಡುಹೆಣ್ಣು ಜೊತೆಯಾಗಿ ಹೊಸಿಲು ದಾಟಲಾಗದೆ ಒಬ್ಬರ ಹಿಂದೊಬ್ಬರು ನುಸುಳಿದೆವು. ಮದ್ದೂರಿನಿಂದ ಬಂದಿದ್ದ ಬೀಗರು ಮುಸಿಮುಸಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣತಮ್ಮಂದಿರಿಗೆ ಮಾತ್ರ ಶುಕ್ರವಾರ ತಂತಮ್ಮ ಅರ್ಧ ಹೊಸಿಲಿಗೆ ಅರಿಶಿನ ಬಿದ್ದರೆ ಸಾಕಿತ್ತು.

ಹೋದ ವರ್ಷ ನಾನು ತವರಿಗೆ ಹೋಗಿದ್ದಾಗಲೇ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಂಡ್ಯದಿಂದ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಬಾಗಿಲಲ್ಲಿ ಹಿಡಿಸಲಿಲ್ಲ. ಓರೆ ಮಾಡೋಣವೆಂದರೆ ಅವ್ವ ಚೀರುತ್ತಾಳೆ. ಹಿತ್ತಲ ಬಾಗಿಲಿಗೆ ಹೋಗಬೇಕಾದರೂ ನಡುವೆ ಅದೇ ಗೋಡೆ.

"ಒಡೀರಿ ಅದ್ನ!" ಎಂದು ಕೂಗಿದೆ.

ಚಿಕ್ಕಪ್ಪ ಹಾರೆ ತಂದ, ಪಾಪ. ಜೊತೆಗೆ ಇದ್ದಿಲ ಚೂರನ್ನೂ ತಂದಿದ್ದ. "ತಡಿಯವ್ವ, ಗುರ್ತು ಆಕ್ಕತೀನಿ. ಆಮೇಲೆ ಒಂದಂಗ್ಲ ಅತ್ತಿತ್ತ ಆದ್ರೆ?"

ನಮ್ಮಪ್ಪ ಬೈಯುತ್ತಾನೆ ಎಂದುಕೊಂಡೆ. ಅವನು ಬಗ್ಗಿ ನೋಡಿ, "ಕೆಳಗೂ ಒಂದ್ ಗೀಟು ಎಳಿಲಾ" ಎಂದ. ಅವ್ವ ನೆಲದ ಮೇಲೆ ನರಳುತ್ತಿದ್ದಳು. ಇಂಥ ಗಂಡಸರ ಮುಖಕ್ಕೆ ಎಷ್ಟು ಉಗಿದರೂ ಕಡಿಮೆಯೇ. ಗೀಟು ಎಳೆದು ಮುಗಿದ ಮೇಲೆ ಗೋಡೆ ಒಡೆದರು, ಅವ್ವನನ್ನು ಹೊತ್ತು ಸಾಗಿಸಿದೆವು.

ಹದಿನೈದು ದಿನ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ಅವ್ವನನ್ನು ಕಾರಿನಲ್ಲಿ ಊರಿಗೆ ಕರೆತಂದೆ. ಗೋಡೆ ಮತ್ತೆ ಎದ್ದಿತ್ತು! ಅದೇ ಗೀಟಿನ ಮೇಲೆ, ಈ ಸಲ ಸಿಮೆಂಟ್ ಹಾಕಿ. ಒಂದು ಲೋಟ ಕಾಫಿಗೂ ಒಬ್ಬರ ಕಡೆ ಒಬ್ಬರು ಹೋಗದಿದ್ದ ಅಣ್ಣತಮ್ಮ ಒಟ್ಟಿಗೆ ನಿಂತು ಕಟ್ಟಿಸಿದ್ದರು.

ಅವ್ವ ವಾಕರ್ ನೂಕಿದಳು. ಅದು ಚೌಕಟ್ಟಿಗೂ ಗೋಡೆಗೂ ತಗುಲಿ ನಿಂತಿತು. ಇನ್ನೊಮ್ಮೆ ನೂಕಿದಳು.

"ಅದುನ್ನ ಆಚೆ ಬುಟ್ಟು, ಗ್ವಾಡೆ ಇಡ್ಕಂಡು ಬಾ" ಎಂದ ನಮ್ಮಪ್ಪ, ಒಳಗಿನಿಂದ. ಆ ಕಡೆಯ ಕದದಲ್ಲಿ ಚಿಕ್ಕಪ್ಪನೂ ಹೌದೌದೆಂದು ತಲೆಯಾಡಿಸಿದ.

ಅವ್ವ ಇಬ್ಬರನ್ನೂ ನೋಡಿದಳು. "ಇಬ್ರೂ ಗ್ವಾಡೆ ಜತೇಲೇ ಸಂಸಾರ ಮಾಡ್ಕಳಿ" ಎಂದಳು. ವಾಕರನ್ನು ಕಾರಿನ ಕಡೆ ತಿರುಗಿಸಿದಳು. "ನಡಿ ಮಗ, ನಿನ್ ಮನೇಗೇ ಓಗವ."