ಹಿತ್ತಿಲ ಶೆಡ್ಡಿನ ತೊಟ್ಟಿಲು

ಎತ್ತಿನ ಗಾಡಿ ನಮ್ಮ ಮನೆಯ ಮುಂದೆ ನಿಂತಾಗ ಮೂಲೆಮನೆಯಾಕೆ ಓಡಿಬಂದು ಕೇಳಿದ್ದು ಒಂದೇ ಮಾತು: "ಯಾರಮ್ಮಾ ಹೋದ್ರು?"

ಅವರದೂ ತಪ್ಪಲ್ಲ. ಗಾಡಿಯ ಮೇಲೆ ಆಳುದ್ದದ ಮರದ ಚೌಕಟ್ಟು, ಅದರೊಳಗೆ ಒಬ್ಬರು ಮಲಗುವಷ್ಟು ಹಲಗೆ, ಎರಡೂ ಬದಿಗೆ ಇಳಿಬಿದ್ದ ಹಗ್ಗ. ನೋಡಿದವರು ಚಟ್ಟ ಎನ್ನದೆ ಇನ್ನೇನನ್ನಬೇಕು? ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆಗಳು ಅಲ್ಲೊಂದು ಇಲ್ಲೊಂದು, ನಡುವೆಲ್ಲ ಬಂಡೆ ಮತ್ತು ಬಯಲು. ಯಾರ ಮನೆಗೆ ಏನು ಬಂತು ಅನ್ನುವುದು ಬೀದಿಗೆಲ್ಲ ಕಾಣುತ್ತಿತ್ತು. "ಯಾರೂ ಹೋಗಿಲ್ಲ, ಇದು ವ್ಯಾಯಾಮದ ಸಾಮಾನು" ಅಂದೆ. ಆಕೆ ನಂಬಲಿಲ್ಲ. ಒಳಗೆ ಗೋಡೆ ಹಿಡಿದು ನಿಂತಿದ್ದ ನನ್ನ ಅಕ್ಕನನ್ನು ಕಿಟಕಿಯಲ್ಲಿ ಕಂಡ ಮೇಲೆಯೇ ಸಮಾಧಾನವಾಗಿ ಹೋದರು. ಬೀದಿಯವರು ಯಾರ ಸಾವನ್ನು ಎದುರು ನೋಡುತ್ತಿದ್ದರು ಎನ್ನುವುದು ಆಗ ಗೊತ್ತಾಗಿ ನನಗೆ ಮೈಯೆಲ್ಲ ಉರಿಯಿತು.

ಅಕ್ಕನನ್ನು ಕೆಂಗೇರಿಯ ಹೊಲಮನೆಯವರಿಗೆ ಕೊಟ್ಟಿತ್ತು. ಹೆರಿಗೆಗೆ ನಮ್ಮಲ್ಲಿಗೆ ಬಂದಳು, ಗಂಡುಮಗು ಹುಟ್ಟಿತು, ಅವಳ ಸೊಂಟ ಬಿದ್ದುಹೋಯಿತು. ಬಾಣಂತನ ಮುಗಿಯುವ ಹೊತ್ತಿಗೆ ಒಂದು ದಿನ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳುವಾಗ ಬೆನ್ನು ಹಿಡಿದು, ಮಗು ಕೈಜಾರಿ ನೆಲಕ್ಕೆ ಬಿತ್ತು. ಹಣೆಯಲ್ಲಿ ಒಂದು ಬುಗುಟು, ಅಷ್ಟೇ. ಆದರೆ ಸುದ್ದಿ ತಿಳಿದ ಅವಳ ಅತ್ತೆ ಮಾರನೆಯ ದಿನವೇ ಬಂದರು. ಕೆಟ್ಟವರಲ್ಲ ಆಕೆ, ತಾವೂ ಅಳುತ್ತಲೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನೀನು ಎತ್ಕೊಳ್ಳೋ ಹಾಗಾದಾಗ ಬಾರಮ್ಮ. ಅಲ್ಲೀವರೆಗೂ ಬಂದು ಬಂದು ಹೋಗಿ ಮಗೂನ ಅಳಿಸ್ಬೇಡ" ಅಂದರು. ಅಕ್ಕ ತಲೆಯಾಡಿಸಿದಳು. ಎಲುಬಿಗೇನೂ ಆಗಿಲ್ಲ, ಬಲ ಬರಬೇಕು, ನಿಧಾನವಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಿಧಾನ ಎಂದರೆ ಎಷ್ಟು ಎಂದು ಹೇಳಲಿಲ್ಲ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ತರಬೇತಿಯಲ್ಲಿ ನಮಗೆ ಕಲಿಸಿದ ದಂಡಿನ, ಅಂದರೆ ಕಂಟೋನ್ಮೆಂಟಿನ, ಇಂಗ್ಲಿಷ್ ಮಿಸ್ಸು ಆ ವರ್ಷ ಮನೆ ಖಾಲಿ ಮಾಡಿ ಹಡಗು ಹತ್ತುವವರಿದ್ದರು. ಈ ಹಲಗೆ ಅವರದು. ಪರದೇಶದಲ್ಲಿ ನೋಡಿದ್ದನ್ನು ನೆನಪಿನ ಮೇಲೆ ಬಡಗಿಯ ಕೈಲಿ ಮಾಡಿಸಿದ್ದರು. ಮಲಗಿ, ಮುಂದಿನ ಅಡ್ಡಪಟ್ಟಿಗೆ ಪಾದ ಕೊಟ್ಟು ತಳ್ಳಿದರೆ ಹಲಗೆ ಚಕ್ರದ ಮೇಲೆ ಹಿಂದಕ್ಕೆ ಜಾರುತ್ತದೆ. ಸ್ಪ್ರಿಂಗುಗಳು ಮತ್ತೆ ಎಳೆದುಕೊಳ್ಳುತ್ತವೆ. ಅಕ್ಕನ ವಿಷಯ ಕೇಳಿದ ಮಿಸ್ಸು, "ತಗೊಂಡ್ ಹೋಗು, ಶಿಪ್‌ನಲ್ಲಿ ಇದಕ್ಕೆ ಜಾಗ ಇಲ್ಲ" ಅಂದರು.

ಅದನ್ನು ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಇರಿಸಿದೆವು. ಆದರೆ ಅಕ್ಕ ಅದರ ಮೇಲೆ ಮಲಗಲು ಒಪ್ಪಲಿಲ್ಲ. ಮೂಲೆಮನೆಯಾಕೆಯ ಮಾತು ಅವಳ ಕಿವಿಗೂ ಬಿದ್ದಿತ್ತು. "ನಾಲ್ಕು ಜನ ಮಲಗಿ ಎದ್ದರೆ ಇವಳೂ ಮಲಗ್ತಾಳೆ. ಬೀದಿಯವರನ್ನ ಕರಿ" ಎಂದು ಅಮ್ಮ ಹೇಳಿದಳು. ಕರೆದೆ. ಕುತೂಹಲಕ್ಕೆ ಎಲ್ಲರೂ ಬಂದರು, ಬಾಗಿಲಲ್ಲೇ ನಿಂತರು. ಕೊನೆಗೆ ಅಮ್ಮನೇ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಪೂರ್ವಕ್ಕೆ ತಲೆಮಾಡಿ ಮಲಗಿ, ಒಮ್ಮೆ ತಳ್ಳಿದಳು. ಹೋದಳು, ಬಂದಳು. ನಕ್ಕೇಬಿಟ್ಟಳು. "ಅಯ್ಯೋ, ಇದು ತೊಟ್ಟಿಲು ಕಣ್ರೇ!"

ಅಂದಿನಿಂದ ಅದಕ್ಕೆ ತೊಟ್ಟಿಲು ಎಂದೇ ಹೆಸರಾಯಿತು. ಹೆಸರಿನ ಹಿಂದೆಯೇ ಶಾಸ್ತ್ರವೂ ಬಂತು: ಬರಿ ತೊಟ್ಟಿಲು ತೂಗಬಾರದು, ಮಗುವಿಗೆ ಆಗಿಬರುವುದಿಲ್ಲ. ಮೇಲೆ ಯಾರೂ ಇಲ್ಲದಾಗ ಹಲಗೆಯನ್ನು ಸುಮ್ಮನೆ ತಳ್ಳಿದವರಿಗೆ ಅಮ್ಮನ ಬೈಗುಳ ತಪ್ಪುತ್ತಿರಲಿಲ್ಲ. ಅಕ್ಕನಂತೂ ಒಬ್ಬರು ಇಳಿದ ಕೂಡಲೇ ಬಂದು ಹಲಗೆ ಅಲುಗದಂತೆ ಎರಡೂ ಕೈಯಿಂದ ಅದುಮಿ ಹಿಡಿಯುತ್ತಿದ್ದಳು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ನಾನೂ ತಳ್ಳಲಿಲ್ಲ.

ನನ್ನದು ಬೆಳಗಿನ ಪಾಳಿಯ ಶಾಲೆ. ಮಧ್ಯಾಹ್ನ ನಡೆದು ಮನೆಗೆ ಬರುವಾಗಲೇ ಅಂದಿನ ಪಾಠವನ್ನು ತಲೆಯಲ್ಲಿ ಹೊಂದಿಸಿಕೊಳ್ಳುತ್ತಿದ್ದೆ. ತೊಟ್ಟಿಲು ಒಂದೇ, ದಿನಾ ಬರತೊಡಗಿದ ಬೀದಿಯ ಹೆಂಗಸರು ಆರೇಳು ಮಂದಿ. ಒಬ್ಬರು ಮೇಲಿದ್ದರೆ ಉಳಿದವರು ಚಾಪೆಯಲ್ಲಿ ಮಲಗಿ ಗೋಡೆಗೆ ಪಾದ ಊರಿ ಅದನ್ನೇ ಮಾಡಬೇಕು. ಪ್ರತಿಯೊಬ್ಬರಿಗೂ ಸ್ಪ್ರಿಂಗ್ ಬಿಚ್ಚಿ ಸಿಕ್ಕಿಸುತ್ತ ಕೂತರೆ ಕೊಳಾಯಿ ನೀರು ಬರುವ ಹೊತ್ತಾಗಿ ಎಲ್ಲರೂ ಎದ್ದು ಓಡುತ್ತಿದ್ದರು. ಅದಕ್ಕೇ ಎಲ್ಲರಿಗೂ ಬಿಗಿ ಸ್ಪ್ರಿಂಗಿನ ವ್ಯಾಯಾಮ ಮೊದಲು, ಸಡಿಲದ್ದು ಆಮೇಲೆ. ಹೊಸಬರಿಗೆ ಮಲಗಿ ತಳ್ಳುವುದು, ಸೊಂಟ ಎತ್ತಿ ಇಳಿಸುವುದು. ಸ್ವಲ್ಪ ಪಳಗಿದವರಿಗೆ ನವಾರಿನ ಕುಣಿಕೆಗೆ ಪಾದ ಕೊಟ್ಟು ಕಾಲನ್ನು ಗಾಳಿಯಲ್ಲಿ ತಿರುಗಿಸುವುದು, ಅದಾದ ಮೇಲೆ ಹಲಗೆಯ ಮೇಲೆ ಮಂಡಿಯೂರುವುದು. ಸ್ಪ್ರಿಂಗ್ ತೆಗೆದರೆ ಎಲ್ಲವೂ ಸುಲಭ ಎಂದು ಹೆಂಗಸರು ತಿಳಿದಿದ್ದರು. ಮಲಗಿದಾಗ ಹೌದು. ಮಂಡಿಯೂರಿದಾಗ ಮಾತ್ರ ಸ್ಪ್ರಿಂಗ್ ಕಡಿಮೆಯಾದಷ್ಟೂ ಹಲಗೆ ಕೈಕೊಟ್ಟು ಓಡುತ್ತದೆ, ಮೈಯನ್ನು ಮೈಯೇ ಹಿಡಿದು ನಿಲ್ಲಿಸಬೇಕು. ಸೀರೆಗೆ ಕಚ್ಚೆ ಹಾಕಿ ಮಂಡಿಯೂರಿದ ಮೂಲೆಮನೆಯಾಕೆ "ನಮ್ಮತ್ತೆ ನೋಡಿದ್ರೆ ನನ್ನ ಮನೆಗೆ ಸೇರಿಸಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಆರೇಳು ಜನರಿಗೆ ಪಾಠ ಹೊಂದಿಸುತ್ತಿದ್ದೆ ನಿಜ. ನನ್ನ ಕಣ್ಣಿದ್ದದ್ದು ಅಕ್ಕನ ಮೇಲೆ. ಮೊದಮೊದಲು ಸೊಂಟವನ್ನು ಹಲಗೆಯಿಂದ ಎತ್ತುವುದಕ್ಕೇ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಮಾವಿನ ಕಾಯಿ ಬರುವ ಹೊತ್ತಿಗೆ ಗೋಡೆ ಹಿಡಿಯದೆ ನಡೆದಳು. ಮಳೆಗಾಲದಲ್ಲಿ ನೆಲದಿಂದ ತಾನೇ ಎದ್ದಳು. ಆಗ ನಾನು ದಪ್ಪ ಬಟ್ಟೆಯಲ್ಲೊಂದು ಚೀಲ ಹೊಲಿದು, ಮಗುವಿನಷ್ಟು ಭಾರವಾಗುವಂತೆ ರಾಗಿ ತುಂಬಿ, ಪಾಠದ ಕೊನೆಗೆ ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುವುದನ್ನು ಸೇರಿಸಿದೆ.

ಎಷ್ಟು ರಾಗಿ ಎನ್ನುವುದನ್ನು ಹೇಳುತ್ತಿದ್ದವರು ಭಾವ. ಯಾವಾಗಲಾದರೊಮ್ಮೆ ಕೆಂಗೇರಿಯಿಂದ ಬರುತ್ತಿದ್ದರು. ಮಾತಿನವರಲ್ಲ. "ಹೇಗಿದಾನೆ?" ಎಂದು ಅಕ್ಕ ಕೇಳಿದರೆ ನೆಲದಿಂದ ಇಷ್ಟೆತ್ತರಕ್ಕೆ ಅಂಗೈ ಹಿಡಿದು ತೋರಿಸುತ್ತಿದ್ದರು. ಒಮ್ಮೆ "ಕೂತ್ಕೋತಾನೆ" ಎಂದರು. ಇನ್ನೊಮ್ಮೆ "ಗೋಡೆ ಹಿಡ್ಕೊಂಡು ನಿಂತ್ಕೋತಾನೆ" ಎಂದರು. ಅವರ ಅಂಗೈ ಒಂದಿಷ್ಟು ಮೇಲೇರಿದಾಗಲೆಲ್ಲ, ಅವರು ಅತ್ತ ಹೋದ ಮೇಲೆ ಅಮ್ಮ ಚೀಲಕ್ಕೆ ಇನ್ನೊಂದಿಷ್ಟು ರಾಗಿ ಸುರಿಯುತ್ತಿದ್ದಳು. ನಿನ್ನೆ ಎತ್ತಿದ ಚೀಲ ಇಂದು ಮತ್ತೆ ಏಳದು. ಅಕ್ಕ ತುಟಿ ಕಚ್ಚಿಕೊಂಡು ಮತ್ತೆ ಮಲಗುವಳು, ಮತ್ತೆ ತಳ್ಳುವಳು. "ಓಡ್ತಾ ಇದಾನೆ ಕಣೇ ಅವನು, ನಾನೇ ಹಿಂದೆ" ಎನ್ನುತ್ತಿದ್ದಳು.

ಹೀಗೆ ಚೀಲ ಹೊಲಿದಂದಿನಿಂದ ಎರಡನೆಯ ಯುಗಾದಿಯೂ ಕಳೆದ ಮೇಲೆ, ಒಂದು ಮಧ್ಯಾಹ್ನ ಅಕ್ಕ ಆ ಚೀಲವನ್ನು ನೆಲದಿಂದೆತ್ತಿ ಸೊಂಟದ ಮೇಲೆ ಇಟ್ಟುಕೊಂಡು, ಹಿತ್ತಿಲು ದಾಟಿ, ಮನೆ ಸುತ್ತಿ, ಬೀದಿಯ ಕೊನೆಯ ತನಕ ಹೋಗಿ ಬಂದಳು. ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಮೂಲೆಮನೆಯಾಕೆ ಚೀಲಕ್ಕೆ ದೃಷ್ಟಿ ತೆಗೆದರು. ರಾಗಿಗೆ ದೃಷ್ಟಿ ತೆಗೆದಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ವಾರವೇ ಅಕ್ಕನೂ ನಾನೂ ರೈಲಿನಲ್ಲಿ ಕೆಂಗೇರಿಗೆ ಹೋದೆವು. ಅಮ್ಮ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಿದ್ದಳು. ಹುಡುಗ ಅಂಗಳದಲ್ಲಿ ತೆಂಗಿನ ಚಿಪ್ಪಿಗೆ ಮಣ್ಣು ತುಂಬುತ್ತಿದ್ದ. ಅಕ್ಕ ನಾನು ಹೇಳಿಕೊಟ್ಟ ಹಾಗೆಯೇ ಬೆನ್ನು ನೆಟ್ಟಗಿಟ್ಟು, ಮಂಡಿ ಬಗ್ಗಿಸಿ ಕೂತು ಎರಡೂ ಕೈ ಚಾಚಿದಳು. ಅವನು ಒಂದು ಕ್ಷಣ ನೋಡಿ, ಓಡಿಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ.

"ನಿಮ್ಮಮ್ಮ ಕಣೋ, ಹೋಗೋ" ಎಂದು ಅವರೇ ಅವನನ್ನು ಮುಂದಕ್ಕೆ ದೂಡಿದರು. ಮಿಠಾಯಿಯ ಆಸೆಗೆ ಹತ್ತಿರ ಬಂದ. ಅಕ್ಕ ಎತ್ತಿಕೊಂಡಳು. ಹೂವೆತ್ತಿದಷ್ಟು ಸಲೀಸಾಗಿ ಎತ್ತಿಕೊಂಡಳು. ಅವನು ನಮ್ಮ ಚೀಲಕ್ಕಿಂತ ಹಗುರವಿದ್ದ. ಅಷ್ಟರಲ್ಲಿ ಅವನು ಮೈ ಸೆಟೆಸಿ, ಅವಳ ಎದೆಗೆ ಕೈಕೊಟ್ಟು ದೂರ ತಳ್ಳುತ್ತ ಹೇಳಿದ:

"ಇಳ್ಸು. ನಾನೇ ನಡೀತೀನಿ."

ಅಕ್ಕ ಇಳಿಸಿದಳು. ಇಳಿಸುವಾಗಲೂ ಬೆನ್ನು ನೆಟ್ಟಗಿತ್ತು. ಅವನು ಪುಟಪುಟನೆ ನಡೆದು ಚಿಪ್ಪಿನ ಹತ್ತಿರ ಹೋಗಿ ಕೂತ.

ಅತ್ತೆ ಕಣ್ಣೊರೆಸಿಕೊಂಡು, "ಇಲ್ಲೇ ಇದ್ದುಬಿಡಮ್ಮ, ಒಗ್ಗಿಕೊಳ್ತಾನೆ" ಅಂದರು. ಒಗ್ಗಿಕೊಂಡ, ನಿಜ. ಅವಳನ್ನು ಅಮ್ಮ ಎಂದು ಕರೆದ, ಅವಳ ಕೈಯಲ್ಲಿ ಉಂಡ, ದೊಡ್ಡವನಾದ. ಎತ್ತಿಕೋ ಎಂದು ಮಾತ್ರ ಎಂದೂ ಕೇಳಲಿಲ್ಲ. ಕೇಳುವ ವಯಸ್ಸನ್ನು ಅವನು ಅಜ್ಜಿಯ ಸೊಂಟದ ಮೇಲೆ ಕಳೆದಾಗಿತ್ತು.

ಅಂದು ತನ್ನ ಬಟ್ಟೆಬರೆ ತೆಗೆದುಕೊಂಡು ಹೋಗಲು ಅಕ್ಕ ನನ್ನ ಜೊತೆ ರಾಜಾಜಿನಗರಕ್ಕೆ ವಾಪಸು ಬಂದಳು. ಮನೆಗೆ ಬಂದವಳು ಕಾಲು ತೊಳೆದು ನೆಟ್ಟಗೆ ಶೆಡ್ಡಿಗೆ ಹೋದಳು. ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಿ ರಾಗಿಯನ್ನೆಲ್ಲ ಮೊರಕ್ಕೆ ಸುರಿದು, "ಹಿಟ್ಟು ಮಾಡಿಸ್ಬಿಡಮ್ಮ, ಹುಳ ಬೀಳುತ್ತೆ" ಅಂದಳು. ಖಾಲಿ ಚೀಲವನ್ನು ಮಡಿಸಿ ಕಿಟಕಿಯಲ್ಲಿಟ್ಟಳು.

ಆಮೇಲೆ ತೊಟ್ಟಿಲಿನ ಪಕ್ಕ ನೆಲದ ಮೇಲೆ ಕೂತಳು. ಕೈ ಚಾಚಿ ಹಲಗೆಯನ್ನು ಮೆಲ್ಲಗೆ ತಳ್ಳಿದಳು. ಅದು ಹೋಯಿತು, ಬಂತು. ಮತ್ತೆ ತಳ್ಳಿದಳು. ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ನೋಡುತ್ತಲೇ ಇದ್ದಳು, ಬೇಡವೆನ್ನಲಿಲ್ಲ.