ಸುರುಳಿಯಕ್ಕನ ಹೆಬ್ಬೆರಳು

ಬೆಳಗಿನ ಐದೂವರೆ. ಆಪರೇಷನ್ ಥಿಯೇಟರಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಸುರುಳಿಯಕ್ಕ ಕಣ್ಣು ಮುಚ್ಚಿಕೊಂಡು, ಬಿಳಿ ಟವೆಲ್ಲಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾರೆ. ಹೊಲಿಗೆ ಬೆರಳಿಗೆ ಸಿಗುತ್ತದೆ. ನಾಲ್ಕು ತಿಂಗಳ ರಜೆ ಮುಗಿಸಿ ಇವತ್ತೇ ಕೆಲಸಕ್ಕೆ ಬಂದವರು. ಕೈ ಮೊದಲಿನಂತಾಗಿದೆಯೋ ಇಲ್ಲವೋ, ಈ ಜಾಗ ತನಗೆ ಉಳಿಯುತ್ತದೋ ಇಲ್ಲವೋ, ಏಳು ಗಂಟೆಗೆ ಮೊದಲ ರೋಗಿಯ ಎಕ್ಸ್‌ರೇ ಹೇಳಿಬಿಡುತ್ತದೆ.

ಈ ಥಿಯೇಟರಿನಲ್ಲಿ ಕುತ್ತಿಗೆಯ ಮೂಳೆಗಳ ನಡುವಿನ ಸವೆದ ಡಿಸ್ಕ್ ತೆಗೆದು ಕೃತಕ ಡಿಸ್ಕ್ ಕೂರಿಸುತ್ತಾರೆ. ಮಲಗಿದವರ ಕುತ್ತಿಗೆ ಹಿಂದಕ್ಕೂ ವಾಲಬಾರದು, ಮುಂದಕ್ಕೂ ಬಾಗಬಾರದು. ತಪ್ಪಿದರೆ ಹೊಸ ಡಿಸ್ಕ್ ಓರೆಯಾಗಿ ಕೂರುವ ಭಯ. ಅದಕ್ಕೇ ಕುತ್ತಿಗೆಯಡಿ ಟವೆಲ್ ಸುರುಳಿ. ಕುತ್ತಿಗೆ ನೆಟ್ಟಗಿದೆಯೋ ಎಂದು ಕೊಯ್ಯುವ ಮೊದಲೇ ಎಕ್ಸ್‌ರೇ ತೆಗೆದು ನೋಡುತ್ತಾರೆ. ಗಿಡ್ಡ ಕುತ್ತಿಗೆಗೊಂದು ಅಳತೆ, ಕೊಕ್ಕರೆ ಕುತ್ತಿಗೆಗೊಂದು. ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಹನ್ನೊಂದು ವರ್ಷ ತಲೆ ಬಗ್ಗಿಸಿ ದುಡಿದು ಇಲ್ಲಿಗೆ ಬಂದ ಈ ಸಹಾಯಕಿಗೆ ಬಟ್ಟೆಯ ಮರ್ಮ ಗೊತ್ತು. ಒಂಬತ್ತು ವರ್ಷದಲ್ಲಿ ಸುತ್ತಿದ ಸುರುಳಿಗಳು ಸಾವಿರ ದಾಟಿವೆ. ನಿಜವಾದ ಹೆಸರು ಹಿಡಿದು ಕರೆಯುವವರೇ ಇಲ್ಲ.

ಕಂಡವರ ಕುತ್ತಿಗೆ ಕಾದವರದ್ದೇ ಕುತ್ತಿಗೆ ಕೆಟ್ಟಿತು ನೋಡಿ. ಸವೆದ ಡಿಸ್ಕ್ ನರ ಒತ್ತಿ ತೋಳಿಗೆ ಜೋಮು ಹಿಡಿಯಿತು, ಹೆಬ್ಬೆರಳು ಮರಗಟ್ಟಿತು. "ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಎಂಟು ತಿಂಗಳು ಬಾಯೇ ಬಿಡ್ಲಿಲ್ಲ," ಎನ್ನುತ್ತಾರೆ. "ಮಗಳಿಗೆ ಮಾತ್ರ ಅನುಮಾನ. ಕರೆದ್ರೆ ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸ್ತೀಯಲ್ಲಮ್ಮ ಅಂತ ಆಡ್ಕೊಳ್ತಿದ್ಲು."

ಕೊನೆಗೊಂದು ದಿನ ಸುರುಳಿ ಸಡಿಲವಾಯಿತು. ಎಕ್ಸ್‌ರೇ ನೋಡಿದ ಸರ್ಜನ್ ಎರಡು ಸಲ ಬಿಚ್ಚಿಸಿ ಸುತ್ತಿಸಿದರು. ಆಮೇಲೆ ಬೈಯಲಿಲ್ಲ, ಅಕ್ಕನ ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ ಹತ್ತಿ ಮುಟ್ಟಿಸಿದರು.

"ಏನು ತಗಲ್ತಿದೆ?"

"ಏನೂ ಇಲ್ಲ ಸಾರ್."

ಗುಟ್ಟು ರಟ್ಟಾಯಿತು. ಔಷಧಿ, ವ್ಯಾಯಾಮ ಯಾವುದಕ್ಕೂ ನೋವು ಜಗ್ಗದೆ ಹೋದಾಗ ಅಕ್ಕನಿಗೂ ಅದೇ ಆಪರೇಷನ್ ಮೇಜು ಗತಿಯಾಯಿತು.

ಆ ದಿನ ಸುರುಳಿ ಸುತ್ತಿದ್ದು ನರ್ಸ್. ಮಲಗಿದಲ್ಲಿಂದಲೇ ಅಕ್ಕನ ತಕರಾರು: "ಒಂದು ಸುತ್ತು ಬಿಚ್ಚಮ್ಮ, ನಾನೇನು ಒಂಟೆನಾ?" ಅರಿವಳಿಕೆ ಕೊಡಲು ನಿಂತಿದ್ದ ಡಾಕ್ಟರೂ ನಕ್ಕುಬಿಟ್ಟರಂತೆ. ಬಿಚ್ಚಿದ ಮೇಲೆ ನೋಡಿದರೆ ಕುತ್ತಿಗೆ ನೆಟ್ಟಗೆ ಕೂತಿತ್ತು.

"ಆಪರೇಷನ್ ಆಗಿ ಆರನೇ ವಾರ ದಿಂಬಿನ ಕವರು ಮಡಚ್ತಾ ಇದ್ದೆ. ಹೊಲಿಗೆ ಬೆರಳಿಗೆ ಸಿಕ್ತು. ಅಲ್ಲೇ ಕೂತು ಅತ್ತುಬಿಟ್ಟೆ, ಖುಷಿಗೆ."

ಏಳು ಗಂಟೆ. ಮೇಜಿನ ಮೇಲೆ ಒಬ್ಬರು ಬಸ್ ಚಾಲಕರು. ಕುತ್ತಿಗೆ ತಿರುಗದೆ ಬಸ್ಸು ಬಿಡುವುದನ್ನೇ ನಿಲ್ಲಿಸಿದವರು. ಸುರುಳಿಯಕ್ಕ ಟವೆಲ್ ಸುತ್ತುತ್ತಾರೆ, ಅದುಮಿ ನೋಡುತ್ತಾರೆ, ಅರ್ಧ ಸುತ್ತು ಬಿಚ್ಚುತ್ತಾರೆ, ಕುತ್ತಿಗೆಯಡಿ ಸೇರಿಸುತ್ತಾರೆ. ಎಕ್ಸ್‌ರೇ ಪರದೆಯ ಮೇಲೆ ಮೂಡುವ ಹೊತ್ತಿಗೆ ಅವರು ಬಾಗಿಲ ಬಳಿ ಹೋಗಿದ್ದಾರೆ. ನಿಂತು ನೋಡುವ ಧೈರ್ಯವಿಲ್ಲ.

ಹಿಂದಿನಿಂದ ಸರ್ಜನ್ ಕರೆಯುತ್ತಾರೆ. "ಅಕ್ಕಾ, ಒಂದೇ ಸಲಕ್ಕೆ ಸರಿಯಾಗಿದೆ."

ಮೈ ಬಾಗಿಲ ಕಡೆಗೇ ಇದೆ. ಬರೀ ಕುತ್ತಿಗೆ ತಿರುಗಿಸಿ ನೋಡುತ್ತಾರೆ.

"ಆಗ್ದೆ ಏನು ಸಾರ್. ಮುಂದಿನವರ ಟವೆಲ್ ತರ್ತೀನಿ."