ಮಾಮಾನ ಖಾನಾವಳಿಯ ತಡೆಯಾಜ್ಞೆ

“ನಮ್ಮನ್ಯಾಗ ಯಾರೂ ಹತ್ತನೇ ಕ್ಲಾಸು ದಾಟಿಲ್ಲ, ಇವ ಎಲ್ಲಿ ವಕೀಲ ಅಕ್ಕಾನ ಬಿಡ್ರಿ” ಎಂದವರು ನಮ್ಮ ಸೋದರಮಾವ. ಹೇಳಿದ್ದು ಪುಣೆ ಕ್ಯಾಂಪಿನ ತಮ್ಮ ಖಾನಾವಳಿಯಲ್ಲಿ, ಗಿರಾಕಿಗಳ ಎದುರಿಗೇ. ಮೊನ್ನೆ ಆ ಓಣಿಯಲ್ಲಿ ರೊಟ್ಟಿ ಸುಡುವ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲ ನೆನಪಾಯಿತು.

ನಾನು ವಕೀಲನಾದೆ, ಅದು ಬೇರೆ ಮಾತು. ಆದರೆ ಖಾನಾವಳಿಗೇ ಕುತ್ತು ಬಂದಾಗ ಮಾಮಾ ಕೇಸು ಕೊಟ್ಟದ್ದು ನನಗಲ್ಲ, ನನ್ನ ಜೊತೆ ಓದಿದ ಸಾರಂಗನಿಗೆ. ಅವನ ಅಪ್ಪ, ಅಜ್ಜ ಇಬ್ಬರೂ ವಕೀಲರು. ಕರಿ ಕೋಟು ಅವನಿಗೆ ಹುಟ್ಟಿದಾಗಲೇ ಹೊಲಿಸಿದಂತೆ ಒಪ್ಪುತ್ತಿತ್ತು. ನನ್ನದು ಹೆಗಲ ಮೇಲೆ ಒಣಹಾಕಿದ ಹಾಗಿತ್ತು.

ಕುತ್ತು ಏನೆಂದರೆ, ವರ್ಷಕ್ಕೊಮ್ಮೆ ನಾವೆಲ್ಲ ನಮ್ಮೂರು ಧಾರವಾಡಕ್ಕೆ ಹೋಗುವಾಗ ಮಾಮಾ ಚಾವಿಯನ್ನು ಜಾಗದ ಮಾಲೀಕರ ಕೈಗಿಡುತ್ತಿದ್ದರು. ಒಳಗಿನ ದೇವರಿಗೆ ಸಂಜೆಯ ದೀಪ ತಪ್ಪಬಾರದಲ್ಲ! ಮುದುಕ ಮಾಲೀಕರು ಭಕ್ತಿಯಿಂದ ಹಚ್ಚುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗನೂ ಹಚ್ಚಿದ. ಆಮೇಲೆ ಬೇರೆ ರಾಗ ತೆಗೆದ. ಚಾವಿ ಕೊಟ್ಟಾಗಲೇ ನೀವು ಜಾಗ ಬಿಟ್ಟುಕೊಟ್ಟಂತೆ, ಇನ್ನು ಬೀಗ ಜಡಿಯುತ್ತೇನೆ ಎಂದ. ದಾವೆ ಮುಗಿಯುವವರೆಗೆ ಅವನನ್ನು ತಡೆಯುವ ಆಜ್ಞೆ ಸಿಗದಿದ್ದರೆ ಮಾಮಾನ ಒಲೆ ಆರಿದಂತೆಯೇ.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚು ಹಿಡಿದೆ. ಮಾಮಾ ಗೆಲ್ಲಲಿ ಎಂದು ಒಂದು ಮನಸ್ಸು, ಸಾರಂಗ ಎಡವಲಿ ಎಂದು ಇನ್ನೊಂದು. ಎರಡೂ ಒಟ್ಟಿಗೆ ಆಗುವುದು ಹೇಗೆ, ನೀವೇ ಹೇಳಿ.

“ಬಿಡುವ ಮನಸ್ಸಿಲ್ಲದವರು ಚಾವಿ ಯಾಕೆ ಕೊಟ್ಟರು?” ಎಂದು ನ್ಯಾಯಾಧೀಶರು ಕೇಳಿದರು.

ಸಾರಂಗ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಜಾಗ ಬಿಡುವವರು ದೇವರನ್ನು ಜೊತೆಗೆ ಒಯ್ಯುತ್ತಾರೆ, ಸಾಹೇಬರೇ. ಇವರು ದೇವರನ್ನು ಒಳಗಿಟ್ಟು ಹೋಗಿದ್ದರು.”

ಆ ದೀಪಕ್ಕೆ ಎಣ್ಣೆ ಹಾಕುತ್ತ ಬೆಳೆದವನು ನಾನು. ಆ ಮಾತು ನನ್ನ ಬಾಯಿಂದ ಬರಬೇಕಿತ್ತು! ತಡೆಯಾಜ್ಞೆ ಸಿಕ್ಕಿತು, ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು.

ಮೊನ್ನೆ ಓಣಿಯಲ್ಲಿ ನಿಂತು ನೋಡಿಕೊಂಡೆ, ಆ ಉರಿ ಈಗ ಅಷ್ಟಿಲ್ಲ. ತಣಿಸಿದವರೂ ಮಾಮಾನೇ. ಅಂದು ಆಜ್ಞೆಯ ದೃಢೀಕೃತ ಪ್ರತಿಯನ್ನು ಸಾರಂಗ ನನ್ನ ಕೈಯಲ್ಲೇ ಕಳಿಸಿದ್ದ. ಅದನ್ನು ಮಾಮಾನಿಗೆ ಕೊಟ್ಟು, “ಸಾರಂಗ ಭಾಳ ಶಾಣ್ಯಾ ಇದ್ದಾನ್ರಿ” ಎಂದೆ.

ಮಾಮಾ ಹಿಟ್ಟಿನ ಕೈ ಒರೆಸಿಕೊಂಡು ಪ್ರತಿ ತಗೊಂಡರು. ನನ್ನ ಮುಖ ನೋಡಿದರು.

“ಅವಗ ಕಲಿಸ್ಲಿಕ್ಕೆ ಮನ್ಯಾಗ ಇಬ್ರು ಇದ್ರು. ನಿನಗ ಯಾರಿದ್ರೋ ತಮ್ಮಾ? ನಾಳೆ ನಿನ್ನ ಮಗಗ ನೀ ಇರ್ತಿ. ಕೂಡು, ಬಿಸಿ ರೊಟ್ಟಿ ಉಣ್ಣು.”